ಅಯೋವಾದಲ್ಲಿ ನಾಲ್ಕು ಗಂಟೆ ಏನು ಕೆಲಸ?

ಗಂಡ ಸುಧೀರ ಆಫೀಸಿನ ಪ್ರಿಂಟರಿನಿಂದ ಹದಿನಾಲ್ಕು ಪುಟಗಳ ಟ್ರಿಪ್ ಪ್ಲಾನು ಹೊತ್ತು ತಂದ ದಿನವೇ ನನಗೆ ಅನುಮಾನ ಬಂತು.

ನಾವಿರುವ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಿಂದ ಶಿಕಾಗೋವರೆಗೆ ವಿಮಾನ. ಅಲ್ಲಿಂದ ಬಾಡಿಗೆ ವ್ಯಾನಿನಲ್ಲಿ ಸೌತ್ ಡಕೋಟದ ಬೆಟ್ಟಗಳವರೆಗೆ. ನಾವಿಬ್ಬರು, ಹತ್ತು ವರ್ಷದ ಮಗಳು ಅನಘ, ಹಾಸನದಿಂದ ಬಂದಿರುವ ಅತ್ತೆ. ಎರಡು ಗಂಟೆಗೊಂದು ನಿಲುಗಡೆ. ಎಲ್ಲಿ ರೆಸ್ಟ್‌ರೂಮು, ಯಾವ ಮೋಟೆಲಿನಲ್ಲಿ ಅನ್ನಕ್ಕಿಡಲು ಒಲೆಯಿದೆ, ಎಲ್ಲವನ್ನೂ ಬರೆದಿದ್ದ. (ಪಾರ್ಕಿಂಗ್ ಸಿಗಲಿಲ್ಲವೆಂದು ಸ್ಯಾನ್ ಫ್ರಾನ್ಸಿಸ್ಕೋದ ಸೇತುವೆಯನ್ನು ನಮ್ಮನ್ನು ಕಾರಿನಿಂದ ಇಳಿಸದೆಯೇ ತೋರಿಸಿದ ಮಹಾನುಭಾವ ಇವನೇ.)

ಮೂರನೇ ಪುಟದಲ್ಲಿ ನನ್ನ ಕಣ್ಣು ನಿಂತಿತು. ಅಯೋವಾದ ಒಂದು ಪುಟ್ಟ ಊರು. ನಿಲುಗಡೆ, ನಾಲ್ಕು ಗಂಟೆ!

"ಅಲ್ಲೇನಿದೆ?"

"ಒಳ್ಳೇ ಪಾರ್ಕಿದೆ. ಅಮ್ಮನ ಮಂಡಿಗೂ ರೆಸ್ಟ್ ಸಿಗುತ್ತೆ."

ಅಡುಗೆಮನೆಯಿಂದ ಅತ್ತೆ ಕೂಗಿದರು. "ನನ್ ಮಂಡಿಗೇನಾಗೈತೆ? ಚೆನ್ನಾಗೇ ಐತೆ!"

ಅಟ್ಲಾಸ್ ತೆಗೆದೆ. ಸೀದಾ ರಸ್ತೆ ವಿಸ್ಕಾನ್ಸಿನ್ ಮೇಲೆ ಹೋಗುತ್ತದೆ. ಇವನು ಕೆಳಗಿಳಿದು ಸುತ್ತು ಹಾಕಿದ್ದ. ಕೇಳಿದರೆ "ಸೀನರಿ ಚೆನ್ನಾಗಿರುತ್ತೆ" ಎಂದ. ಜೋಳದ ಹೊಲ ಬಿಟ್ಟರೆ ಜೋಳದ ಹೊಲ. ಎಂಥ ಸೀನರಿ?

ಇನ್ನೊಂದು ವಿಷಯವಿತ್ತು. ಒಂದು ತಿಂಗಳಿಂದ ಲಿಂಡಾ ಎಂಬಾಕೆಯ ಫೋನು ಬರುತ್ತಿತ್ತು. ಬಂದ ಕೂಡಲೇ ಇವನು ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಳ್ಳುತ್ತಿದ್ದ. "ಆಫೀಸಿಂದು" ಅನ್ನುತ್ತಿದ್ದ. ಇವನು ಎಂ.ಎಸ್. ಓದಿದ್ದು ಅಯೋವಾದಲ್ಲೇ. ನೀವಾಗಿದ್ದರೆ ಏನೆಂದುಕೊಳ್ಳುತ್ತಿದ್ದಿರಿ?

ನಾನೂ ಅದನ್ನೇ ಅಂದುಕೊಂಡೆ. ಹೋಗಿ ನೋಡಿಯೇ ಬಿಡೋಣ ಎಂದು ಬಾಯಿಮುಚ್ಚಿಕೊಂಡು ಪುಳಿಯೋಗರೆ ಕಟ್ಟಿದೆ.

ಆ ಊರು ಬಂತು. ಫ್ರೀವೇ ಇಳಿದವನು ಪಾರ್ಕಿಗೆ ಹೋಗಲಿಲ್ಲ. ಒಂದು ಸ್ಕೂಲಿನ ಮುಂದೆ ವ್ಯಾನು ನಿಧಾನವಾಯಿತು. "ಗ್ರೌಂಡ್ ಎಷ್ಟು ದೊಡ್ಡದಿದೆ ನೋಡು ಅನಘಾ." ಆಮೇಲೆ ಲೈಬ್ರರಿ. ಆಮೇಲೆ ಮನೆಗಳ ಸಾಲು.

ಹಿಂದಿನ ಸೀಟಿನಿಂದ ಮಗಳು ಕೇಳಿದಳು. "ಅಪ್ಪಾ, ಆರ್ ವಿ ಮೂವಿಂಗ್ ಹಿಯರ್?"

ಅವನು ಗ್ರೋಸರಿ ಅಂಗಡಿಯೊಂದರ ಪಾರ್ಕಿಂಗಿನಲ್ಲಿ ನಿಲ್ಲಿಸಿ, ಸ್ಟಿಯರಿಂಗ್ ನೋಡುತ್ತಲೇ ಹೇಳಿದ. "ಆಫೀಸಲ್ಲಿ ನಮ್ಮ ಗ್ರೂಪ್ ಪೂರ್ತಿ ಕ್ಲೋಸ್. ಮುಂದಿನ ತಿಂಗಳೇ ಕೊನೆ. ಇಲ್ಲೊಂದು ಕಂಪನೀಲಿ ಆಫರ್ ಇದೆ. ಲಿಂಡಾ ಇಲ್ಲಿನ ಎಚ್.ಆರ್. ಸೋಮವಾರ ಉತ್ತರ ಕೊಡ್ಬೇಕು."

ನಮ್ಮ ವೀಸಾ ಇರುವುದೇ ಅವನ ಕೆಲಸದ ಮೇಲೆ. ಕೆಲಸವಿಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಬೇ ಏರಿಯಾದ ಕಂಪನಿಗಳೆಲ್ಲ ಜನರನ್ನು ತೆಗೆಯುತ್ತಿದ್ದಾಗ ಅಲ್ಲಿ ಕೆಲಸ ಕೊಡುವವರು ಯಾರಿದ್ದರು? ಅವನ ಗೆಳೆಯರೆಲ್ಲ ಖಾಲಿ ಮೇಜುಗಳ ನಡುವೆ ಕೂತು ರೆಸ್ಯೂಮೆ ತಿದ್ದುತ್ತಿದ್ದರು.

"ಮನೇಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ನೋಡೋಕೂ ಬರ್ತಿರ್ಲಿಲ್ಲ."

ನಿಜ. ಬರುತ್ತಿರಲಿಲ್ಲ. ಮಗಳ ಸ್ಕೂಲಿಗೋಸ್ಕರವೇ ಕ್ಯುಪರ್ಟಿನೋದ ಇಕ್ಕಟ್ಟಿನ ಅಪಾರ್ಟ್‌ಮೆಂಟಿನಲ್ಲಿ ಐದು ವರ್ಷ ಕಳೆದವಳು ನಾನು. ಅದು ನಿಜವಾದ್ದರಿಂದಲೇ ಸಿಟ್ಟು ನೆತ್ತಿಗೇರಿತು. ಇಳಿದು ಹೋಗಿ ಶಾಪಿಂಗ್ ಕಾರ್ಟುಗಳ ಸಾಲಿನ ಹಿಂದೆ ನಿಂತೆ. ಅಳು ಬಂತು. ಇನ್ನೊಬ್ಬಳಿದ್ದಾಳೆಂದು ಅಂದುಕೊಂಡದ್ದಕ್ಕೆ ನಾಚಿಕೆಯಾಯಿತು. ತಿಂಗಳಿಡೀ ಒಬ್ಬನೇ ಭಯ ನುಂಗಿಕೊಂಡಿದ್ದಾನಲ್ಲ ಎಂದು ಅದಕ್ಕಿಂತ ಹೆಚ್ಚು ನೋವಾಯಿತು.

ಅತ್ತೆ ಮೆಲ್ಲಗೆ ನಡೆದು ಬಂದರು. "ಅವ್ನು ಸುಳ್ಳು ಹೇಳಿದ್ದು ತೆಪ್ಪೇ ಕಣವ್ವಾ. ನನ್ ಮಂಡಿ ಮೇಲೆ ಹಾಕಿದ್ದು ಇನ್ನೂ ತೆಪ್ಪು. ಆದ್ರೆ ಈ ಊರೇನ್ ಮಾಡೈತೆ?"

ವ್ಯಾನಿಗೆ ವಾಪಸು ಹೋದೆ. "ಅನಘಳ ಮುಂದೇನೇ ಎಲ್ಲಾ ಹೇಳು. ಒಂದೂ ಬಿಡ್ಬೇಡ" ಎಂದೆ. ಹೇಳಿದ. ಮಿಕ್ಕ ಮೂರು ಗಂಟೆ ಸ್ಕೂಲಿನ ಒಳಗೆ ಹೋಗಿ ನೋಡಿದೆವು, ಎರಡು ಮನೆ ನೋಡಿದೆವು. ನಮ್ಮನ್ನು ಕಾಣಲು ಬಂದ ಬಿಳಿಗೂದಲ ಲಿಂಡಾ ಅನಘಳಿಗೆ ತಾನೇ ಮಾಡಿದ ಕುಕಿ ಕೊಟ್ಟಳು. ಚಳಿಗಾಲ ಹೇಗಿರುತ್ತದೆಂದು ನಾನು ಕೇಳಿದಾಗ ಮಾತ್ರ ಮಾತು ತೇಲಿಸಿದಳು.

ಸೋಮವಾರ ಸೌತ್ ಡಕೋಟದ ಮೋಟೆಲಿನಿಂದ ಸುಧೀರ ಲಿಂಡಾಗೆ ಫೋನ್ ಮಾಡಿ ಹೂಂ ಎಂದ. ಪಕ್ಕದಲ್ಲೇ ಕೂತಿದ್ದೆ. ಒಪ್ಪಿಗೆ ನನ್ನದೂ ಇತ್ತು. ಪೂರ್ತಿ ಅಲ್ಲ, ಮುಕ್ಕಾಲು ಪಾಲು.

ಈಗ ಕ್ಯುಪರ್ಟಿನೋದಲ್ಲಿ ರಟ್ಟಿನ ಡಬ್ಬಗಳಿಗೆ ಟೇಪು ಹಚ್ಚುತ್ತಿದ್ದೇನೆ. ನಿನ್ನೆ ಪಕ್ಕದ ಅಪಾರ್ಟ್‌ಮೆಂಟಿನ ಗೆಳತಿ ಖುಷಿಯಾಗಿ ಬಂದಳು. ಅವಳ ಗಂಡ ಈ ಸಲ ಇದ್ದಕ್ಕಿದ್ದಂತೆ ಇಡೀ ಫ್ಯಾಮಿಲಿಯನ್ನು ಒಹಾಯೋಗೆ ಟೂರು ಕರೆದುಕೊಂಡು ಹೋಗುತ್ತಿದ್ದಾನಂತೆ.

ಅವಳಿಗೆ ಈಗಲೇ ಹೇಳಲೋ, ಹೋಗಿ ನೋಡಿಕೊಂಡು ಬರಲಿ ಎಂದು ಬಿಡಲೋ?