ಓರಗಿತ್ತಿಯ ದನಿ

ಕಾರು ಓಡಿಸುವುದನ್ನು ಕಲಿಸುತ್ತಿದ್ದ ಅವಳಿಗೆ ಬೀದಿಯವರು ಇಟ್ಟ ಹೆಸರು ಬ್ರೇಕಕ್ಕ. ಪಕ್ಕದ ಸೀಟಿನಲ್ಲಿ ಕುಳಿತು "ಬ್ರೇಕ್, ಬ್ರೇಕ್!" ಎಂದು ಅವಳು ಕೂಗುವುದು ಬೀದಿಯ ಕೊನೆಯ ಮನೆಗೂ ಕೇಳಿಸುತ್ತಿತ್ತು. ಪಾಠವಿಲ್ಲದ ಹೊತ್ತಿನಲ್ಲಿ ಅದೇ ಕಾರು ಅವಳ ರೇಡಿಯೊ ಕೋಣೆಯಾಗುತ್ತಿತ್ತು. ಪರೀಕ್ಷೆ ಬರೆದು, ಪರವಾನಗಿ ಪಡೆದು, ಗುರುತು ಪರಿಚಯವಿಲ್ಲದವರೊಡನೆ ರೇಡಿಯೊದಲ್ಲಿ ಮಾತಾಡುವ ಹ್ಯಾಮ್ ಹವ್ಯಾಸ ಅವಳಿಗೆ ಮದುವೆಗೂ ಮೊದಲಿನಿಂದಲೇ ಅಂಟಿಕೊಂಡಿತ್ತು. ಗೇರಿನ ಪಕ್ಕದಲ್ಲಿ ಚಿಕ್ಕದೊಂದು ರೇಡಿಯೊ, ಡಿಕ್ಕಿಯ ಅಂಚಿನಲ್ಲಿ ಸೆಟೆದು ನಿಂತ ಆಂಟೆನಾ. ಊರಿನ ಹ್ಯಾಮ್ ಕ್ಲಬ್ಬಿನಲ್ಲಿ ಹೆಂಗಸು ಅಂತ ಇದ್ದವಳು ಅವಳೊಬ್ಬಳೇ. ಹಾಗಾಗಿ ಮರ್ಯಾದೆಯೂ ಸ್ವಲ್ಪ ಹೆಚ್ಚೇ ಇತ್ತು.

ಆಮೇಲೆ ಮೈದುನನ ಮದುವೆಯಾಯಿತು, ಓರಗಿತ್ತಿ ಬಂದಳು.

ಓರಗಿತ್ತಿ ರೈಲು ನಿಲ್ದಾಣದಲ್ಲಿ ಗಾಡಿಗಳ ವೇಳೆ ಹೇಳುವವಳು. ಅವಳ ಮುಖ ನೋಡದವರಿಗೂ ಅವಳ ದನಿ ಗೊತ್ತಿತ್ತು. ಮನೆಗೆ ಬಂದ ಹೊಸತರಲ್ಲಿ ಒಂದು ಸಂಜೆ ಕಾರಿನ ಬಾಗಿಲಿಗೆ ಒರಗಿ ನಿಂತು, "ಅಕ್ಕ, ನನಗೂ ಇದನ್ನ ಕಲಿಸ್ತೀರಾ?" ಎಂದು ಕೇಳಿದಳು. ಬ್ರೇಕಕ್ಕನಿಗೆ ಖುಷಿಯಾಯಿತು. ತಂತಿ ಎಳೆಯುವುದು, ಬೆಸುಗೆ ಹಾಕುವುದು, ಕರೆಯುವ ರೀತಿ, ಮುಗಿಸುವ ರೀತಿ, ಎಲ್ಲವನ್ನೂ ಹೇಳಿಕೊಟ್ಟಳು. ಓರಗಿತ್ತಿ ಮೊದಲ ಸಲಕ್ಕೇ ಪರೀಕ್ಷೆ ಪಾಸು ಮಾಡಿದಳು. ಬ್ರೇಕಕ್ಕ ಪಾಸಾಗಿದ್ದು ಎರಡನೆಯ ಸಲಕ್ಕೆ. ಈ ಸಂಗತಿಯನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ, ಅತ್ತೆಯೊಬ್ಬರನ್ನು ಬಿಟ್ಟು.

ಹೊಟ್ಟೆಕಿಚ್ಚು ಶುರುವಾಗಿದ್ದು ಅಲ್ಲಿಂದ. ಓರಗಿತ್ತಿ ಒಂದು ಸಲ ಕರೆದರೆ ಸಾಕು, ಉತ್ತರ ಕೊಡಲು ಗಂಡಸರು ಸಾಲುಗಟ್ಟುತ್ತಿದ್ದರು. "ನಿಮ್ಮ ದನಿ ಕೇಳ್ತಾ ಇದ್ರೆ ರೈಲು ತಪ್ಪಿದ್ರೂ ಬೇಜಾರಾಗಲ್ಲ ಬಿಡಿ" ಎಂದು ಯಾರೋ ಹಲ್ಲು ಕಿರಿಯುತ್ತಿದ್ದ. ಬ್ರೇಕಕ್ಕ ಕರೆದರೆ, "ಹಾಂ, ಕೇಳಿಸ್ತಿದೆ. ಮನೇಲಿ ನಿಮ್ಮ ಓರಗಿತ್ತಿ ಇದಾರಾ?" ಎನ್ನುವರು. ಬೀದಿಯಲ್ಲಿ ಕೂಗಿ ಕೂಗಿ ಒಡೆದ ತನ್ನ ಗಂಟಲನ್ನು ಅವಳು ಕನ್ನಡಿಯ ಮುಂದೆ ನಿಂತು ಮುಟ್ಟಿ ನೋಡಿಕೊಂಡಳು. ಕೆಲವು ದಿನ ಜೇನು ನೆಕ್ಕಿದಳು. ದನಿಯೇನೂ ಬದಲಾಗಲಿಲ್ಲ, ಜೇನು ಖಾಲಿಯಾಯಿತು.

ಉರಿಯುವ ಬೆಂಕಿಗೆ ಎಣ್ಣೆ ಸುರಿದಂತೆ ಮೈದುನ ಹೆಂಡತಿಗೆ ಹೊಸ ಕಾರು ಕೊಡಿಸಿದ. ಅದು ಬಂದ ಮಾರನೆಯ ವಾರವೇ ಬ್ರೇಕಕ್ಕ ತನ್ನ ಹಳೆಯ ಕಾರನ್ನು ಪೇಂಟ್ ಮಾಡಿಸಲು ಬಿಟ್ಟಳು. ಗಂಡ, "ಓಡೋದಕ್ಕೂ ಬಣ್ಣಕ್ಕೂ ಏನೇ ಸಂಬಂಧ?" ಎಂದ. "ನಿಮಗೆ ಗೊತ್ತಾಗಲ್ಲ, ಸುಮ್ನಿರಿ" ಎಂದಳು. ಕಾರು ಥಳಥಳ ಹೊಳೆಯುತ್ತ ಬಂತು. ಹೊಸ ಬಣ್ಣಕ್ಕೆ ಗೀರು ಬೀಳದಿರಲಿ ಎಂದು ಆಂಟೆನಾದ ಹಿಡಿಕೆಯ ಅಡಿಗೆ ರಬ್ಬರಿನ ತುಂಡು ಕೊಟ್ಟು ಮೆಲ್ಲಗೆ ಬಿಗಿದಳು.

ಅಂದಿನಿಂದ ರೇಡಿಯೊ ಹಟ ಹಿಡಿಯಿತು. ಕೇಳುವುದೇನೋ ಕೇಳಿಸುತ್ತಿತ್ತು. ಮಾತಾಡಲು ಮೈಕಿನ ಗುಂಡಿ ಒತ್ತಿದೊಡನೆ ದೀಪ ಮಂಕಾಗಿ ರೇಡಿಯೊ ಸತ್ತುಹೋಗುತ್ತಿತ್ತು. ಗುಂಡಿ ಬಿಟ್ಟರೆ ಮತ್ತೆ ಜೀವ. ಅಪರೂಪಕ್ಕೆ ಒಂದೆರಡು ಮಾತು ಹೊರಟರೂ ಊರಾಚೆ ತಲುಪುತ್ತಿರಲಿಲ್ಲ. ಬ್ಯಾಟರಿ ಬದಲಾಯಿಸಿದಳು, ಆಗಲಿಲ್ಲ. ಮೀಟರ್ ಹಿಡಿದು ಬ್ಯಾಟರಿ ಅಳೆದಳು, ಹನ್ನೆರಡೂವರೆ ವೋಲ್ಟ್ ತುಂಬಿತ್ತು. ರೇಡಿಯೊವನ್ನೇ ಬಿಚ್ಚಿ ಮತ್ತೆ ಜೋಡಿಸಿದಳು, ಒಂದು ಸ್ಕ್ರೂ ಮಿಕ್ಕಿತು.

"ಅಕ್ಕ, ನಾನು ಒಂದು ಸಲ ನೋಡ್ಲಾ?" ಎಂದಳು ಓರಗಿತ್ತಿ.

"ಏನೂ ಬೇಡ. ಇದು ನೀನು ಹುಟ್ಟೋಕೆ ಮುಂಚಿನ ರೇಡಿಯೊ. ನಿನಗೆ ಅರ್ಥ ಆಗಲ್ಲ."

ಒಂದು ಮಧ್ಯಾಹ್ನ ಓರಗಿತ್ತಿ ಕೆಲಸಕ್ಕೆ ಹೋಗಿದ್ದಾಗ ಬ್ರೇಕಕ್ಕ ಅವಳ ಕಾರಿನ ಬಾನೆಟ್ ಎತ್ತಿ ನೋಡಿದಳು. ದಪ್ಪ ತಂತಿಗಳು ಬ್ಯಾಟರಿಯಿಂದ ನೇರವಾಗಿ ಹೊರಟು, ಅಲ್ಲಲ್ಲಿ ಅಚ್ಚುಕಟ್ಟಾಗಿ ಕಟ್ಟಿಸಿಕೊಂಡು ಒಳಗೆ ಅವಳು ಕೂರಿಸಿದ್ದ ರೇಡಿಯೊಗೆ ಹೋಗಿದ್ದವು. ಎಲ್ಲ ತಾನು ಕಲಿಸಿದ ಹಾಗೆಯೇ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಹಿಂದಕ್ಕೆ ಬಂದು ಆಂಟೆನಾದ ಬುಡಕ್ಕೆ ಕೈ ಹಾಕಿದಳು. ಒಂದು ಸುತ್ತು ಸಡಿಲಿಸಿಯೂ ಬಿಟ್ಟಳು.

"ಏನೇ ಹುಡುಕ್ತಿದೀಯಾ ಅಲ್ಲಿ?" ಕಿಟಕಿಯಿಂದ ಅತ್ತೆಯ ದನಿ.

"ಧೂಳು ಕೂತಿತ್ತು, ಒರೆಸ್ತಿದೀನಿ ಅತ್ತೆ" ಎಂದು ಮತ್ತೆ ಬಿಗಿ ಮಾಡಿ, ಸೆರಗಿನಿಂದ ನಿಜವಾಗಿಯೂ ಕಾರೆಲ್ಲ ಒರೆಸಬೇಕಾಯಿತು. ಸಂಜೆ ಓರಗಿತ್ತಿ, "ಅಯ್ಯೋ, ನನ್ನ ಕಾರು ನೀವು ಯಾಕೆ ಒರೆಸೋಕೆ ಹೋದ್ರಿ ಅಕ್ಕ?" ಎಂದು ಕೈ ಹಿಡಿದುಕೊಂಡಾಗ ಬ್ರೇಕಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಊರಾಚೆಯ ಬೆಟ್ಟದ ರಸ್ತೆಯಲ್ಲಿ ಪ್ರತಿವರ್ಷ ಸೈಕಲ್ ಪಂದ್ಯ ನಡೆಯುತ್ತಿತ್ತು. ಅಲ್ಲಿ ಫೋನು ಸಿಗುವುದಿಲ್ಲ. ಹಾಗಾಗಿ ಹ್ಯಾಮ್ ಕ್ಲಬ್ಬಿನವರು ತಿರುವು ತಿರುವಿಗೂ ರೇಡಿಯೊ ಇಟ್ಟುಕೊಂಡು ಕೂರುವರು. ಬೆಟ್ಟದ ನೆತ್ತಿಯ ಜಾಗ ಯಾವತ್ತೂ ಬ್ರೇಕಕ್ಕನದೇ. ಎಲ್ಲರ ಮಾತೂ ಅಲ್ಲಿಗೆ ಬಂದು ಅಲ್ಲಿಂದ ಊರಿಗೆ ಇಳಿಯಬೇಕು. ಈ ಸಲ ಕ್ಲಬ್ಬಿನ ಕಾರ್ಯದರ್ಶಿ, ಕನ್ನಡಕದ ಅಂಗಡಿಯವರು, ಗಂಟಲು ಸರಿಮಾಡಿಕೊಂಡು ಹೇಳಿದರು: "ನಿಮ್ಮ ಸೆಟ್ಟು ಕೈಕೊಡ್ತಿದೆ ಅಂತ ಕೇಳ್ದೆ. ನೆತ್ತಿಗೆ ನಿಮ್ಮ ಓರಗಿತ್ತಿ ಹೋಗ್ಲಿ. ನೀವು ಕೆಳಗಿನ ತಿರುವು ನೋಡ್ಕೊಳ್ಳಿ."

"ಸೆಟ್ಟು ರಿಪೇರಿ ಆಗಿದೆ" ಎಂದು ಬ್ರೇಕಕ್ಕ ಸುಳ್ಳು ಹೇಳಿದಳು.

"ಒಳ್ಳೇದಾಯ್ತು. ಹಾಗಾದ್ರೆ ಕೆಳಗಿನ ತಿರುವಿಗೆ ಯೋಚನೆ ಇಲ್ಲ" ಎಂದರು ಅವರು.

ಪಂದ್ಯದ ಬೆಳಗ್ಗೆ ಅವಳು ಕೆಳಗಿನ ತಿರುವಿನಲ್ಲಿ ಕಾರು ನಿಲ್ಲಿಸಿ, ನೆತ್ತಿಯಿಂದ ಇಳಿದು ಬರುತ್ತಿದ್ದ ಆ ದನಿಯನ್ನು ಹಲ್ಲು ಕಚ್ಚಿ ಕೇಳುತ್ತ ಕುಳಿತಳು. ಮುಂದಿನ ಗುಂಪು ದಾಟಿತು. ಹಿಂದಿನ ಗುಂಪಿನಲ್ಲಿ ಒಬ್ಬ ಹುಡುಗಿ ತಿರುವಿನಲ್ಲಿ ಜಾರಿ, ಕಲ್ಲಿನ ಕಟ್ಟೆಗೆ ಬಡಿದು ಬಿದ್ದಳು. ತೊಡೆ ಸೀಳಿ ರಕ್ತ ಹರಿಯುತ್ತಿತ್ತು. ಹಿಂದೆ ಬಂದ ಸವಾರರಿಬ್ಬರು ಬಟ್ಟೆ ಒತ್ತಿ ಹಿಡಿದು, "ಆಂಬುಲೆನ್ಸ್ ಕರೀರಿ!" ಎಂದು ಕೂಗಿದರು. ಬ್ರೇಕಕ್ಕ ಗುಂಡಿ ಒತ್ತಿದಳು. ರೇಡಿಯೊ ಸತ್ತಿತು. ಬಿಟ್ಟು ಒತ್ತಿದಳು, ಮತ್ತೆ ಸತ್ತಿತು.

ಬೆಟ್ಟದ ನೆತ್ತಿಯಲ್ಲಿ ಓರಗಿತ್ತಿಗೆ ಆ ತುಂಡು ತುಂಡು ಸದ್ದು ಮಾತ್ರ ಕೇಳಿಸಿತ್ತು. "ಕೆಳಗಿನ ತಿರುವು, ಅಕ್ಕ, ನೀವೇನಾ? ಪವರ್ ಪೂರ್ತಿ ಇಟ್ಟಿದೀರಾ? ಕಡಿಮೆ ಮಾಡಿ ಅಕ್ಕ. ತೀರ ಕೆಳಕ್ಕೆ ಇಳಿಸಿ. ನಾನು ಮೇಲೇ ಇದೀನಿ, ನನಗೆ ಕೇಳತ್ತೆ."

ಅವಳು ಹೇಳಿದ್ದು ಸರಿ. ಪವರ್ ಇಳಿಸಿದರೆ ರೇಡಿಯೊ ಅಷ್ಟು ಕರೆಂಟ್ ಎಳೆಯುವುದಿಲ್ಲ. ಬ್ರೇಕಕ್ಕನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಓರಗಿತ್ತಿಗಿಂತ ದೂರ ಮುಟ್ಟಬೇಕೆಂಬ ಛಲಕ್ಕೆ ಇಷ್ಟು ದಿನ ಪವರ್ ಇಳಿಸುವ ಗುಂಡಿಯನ್ನು ಮುಟ್ಟಿರಲಿಲ್ಲ, ಅಷ್ಟೆ. ಅವಳ ಮಾತು ಕೇಳಿ ಈಗ ಇಳಿಸುವುದೇ ಎಂದು ಒಂದು ಗಳಿಗೆ ಕೈ ತಡೆಯಿತು. ಅಷ್ಟರಲ್ಲಿ ಹುಡುಗಿ ಅಮ್ಮಾ ಎಂದು ನರಳಿದಳು. ಎಂಜಿನ್ ಚಾಲೂ ಮಾಡಿ, ಪವರ್ ಇಳಿಸಿ, ಗುಂಡಿ ಒತ್ತಿದಳು. ದೀಪ ಮಂಕಾಯಿತು, ಆರಲಿಲ್ಲ.

"ಕೆಳಗಿನ ತಿರುವು. ಹುಡುಗಿಯೊಬ್ಬಳು ಬಿದ್ದಿದಾಳೆ, ತೊಡೆಗೆ ಗಾಯ, ರಕ್ತ ನಿಲ್ತಿಲ್ಲ. ಆಂಬುಲೆನ್ಸ್ ಬೇಕು."

"ಕೇಳಿಸ್ತು ಅಕ್ಕ. ಕಳಿಸ್ತಿದೀನಿ. ಒತ್ತಿ ಹಿಡಿಯೋಕೆ ಹೇಳಿ, ಬಿಡಬೇಡಿ ಅನ್ನಿ."

ಗಾಡಿ ಬಂತು. ಹುಡುಗಿ ಉಳಿದಳು.

ಮಾರನೆಯ ದಿನ ಅಂಗಳದಲ್ಲಿ ಬ್ರೇಕಕ್ಕ ತಾನಾಗಿಯೇ ಬಾನೆಟ್ ಎತ್ತಿ, ಯಾರನ್ನೂ ನೋಡದೆ, "ಬಾ. ಗುಂಡಿ ಒತ್ತೋಕೆ ಒಬ್ಬರು ಬೇಕು" ಎಂದಳು. ಓರಗಿತ್ತಿ ಒಳಗೆ ಕುಳಿತು ಮೈಕ್ ಒತ್ತಿದಳು, ಬ್ರೇಕಕ್ಕ ಮೀಟರ್ ಹಿಡಿದಳು. ಬ್ಯಾಟರಿಯ ಹತ್ತಿರ ವೋಲ್ಟ್ ಅಷ್ಟೇನೂ ಕುಸಿಯಲಿಲ್ಲ. ರೇಡಿಯೊದ ಹತ್ತಿರ ಧೊಪ್ಪನೆ ಬಿತ್ತು. ಒಬ್ಬಳೇ ಅಳೆಯುವಾಗ ಇದು ಹೇಗೆ ತಿಳಿಯಬೇಕು? ನಡುವಿನ ತಂತಿಯನ್ನು ಬೆರಳಿನಿಂದ ತಡವುತ್ತ ಹೋದರೆ ಫ್ಯೂಸ್ ಕೂರುವ ಡಬ್ಬಿ ಬಿಸಿಯಾಗಿತ್ತು. ಪೇಂಟ್ ಅಂಗಡಿಯಲ್ಲಿ ತೊಳೆದ ನೀರು ಒಳಗಿಳಿದು ಹಸಿರು ಕಿಲುಬು ಕಟ್ಟಿತ್ತು. ಅದನ್ನು ಕಿತ್ತು ಹೊಸದು ಹಾಕಿದರು. ಆದರೂ ಮಾತು ದೂರ ಹೋಗಲಿಲ್ಲ.

ಓರಗಿತ್ತಿ ಹಿಂದೆ ಹೋಗಿ ಆಂಟೆನಾದ ಬುಡ ನೋಡಿದಳು. "ಅಕ್ಕ, ಇಲ್ಲಿ ರಬ್ಬರ್ ಯಾಕಿದೆ? ಹಿಡಿಕೆ ಕಾರಿನ ಲೋಹಕ್ಕೆ ತಾಗ್ತಾನೇ ಇಲ್ಲ, ಮಾತು ದೂರ ಹೇಗೆ ಹೋಗತ್ತೆ?"

"ಬಣ್ಣ ಹೋಗತ್ತಲ್ಲ ಅಂತ..."

"ಬಣ್ಣ ಇಲ್ಲಿ ಒಂದಿಷ್ಟು ಕೆರೀಬೇಕಾಗತ್ತೆ. ನೀವೇ ಹೇಳಿಕೊಟ್ಟಿದ್ದು."

ಬ್ರೇಕಕ್ಕ ಚಾಕು ತಂದು ಅವಳ ಕೈಗೆ ಕೊಟ್ಟು, ಮುಖ ಆ ಕಡೆ ತಿರುಗಿಸಿ ನಿಂತಳು. ಓರಗಿತ್ತಿ ಕೆರೆಯತೊಡಗಿದಳು. "ಯಾರ ಕಾರು ನೋಡಿ ಈ ಬಣ್ಣ ಹಾಕಿಸ್ದೆ ಗೊತ್ತಾ ನಿಂಗೆ?" ಎಂದು ಕೊನೆಗೆ ಕೇಳಿಯೇಬಿಟ್ಟಳು.

"ಗೊತ್ತು ಅಕ್ಕ. ಮನೇಲಿ ಎಲ್ಲರಿಗೂ ಗೊತ್ತು" ಎಂದಳು ಓರಗಿತ್ತಿ, ಕೆರೆಯುವುದನ್ನು ನಿಲ್ಲಿಸದೆ. ಕಿಟಕಿಯಲ್ಲಿ ಅತ್ತೆ ಕೆಮ್ಮಿದರು.

ರಜೆಯ ದಿನ ಇಬ್ಬರೂ ಅದೇ ಕಾರಿನಲ್ಲಿ ಬೆಟ್ಟದ ನೆತ್ತಿಗೆ ಹೋದರು. ಬ್ರೇಕಕ್ಕ ಪವರ್ ಪೂರ್ತಿ ಏರಿಸಿ ಕರೆದಳು. ದೀಪ ಮಿಸುಕಲಿಲ್ಲ. ಎಷ್ಟೋ ಊರಾಚೆಯಿಂದ ಗಂಡಸಿನ ದನಿಯೊಂದು ಉತ್ತರಿಸಿತು: "ಬಹಳ ಸ್ಪಷ್ಟವಾಗಿ ಕೇಳಿಸ್ತಿದೀರಿ! ಅಂದ ಹಾಗೆ, ರೈಲ್ವೆ ಸ್ಟೇಷನ್ನಿನ ಮೇಡಂ ನಿಮ್ಮ ಜೊತೆ ಇದಾರಾ?"

ಬ್ರೇಕಕ್ಕ ಪಕ್ಕದ ಸೀಟಿನಲ್ಲಿದ್ದ ಓರಗಿತ್ತಿಯ ಮುಖ ನೋಡಿದಳು. ಗುಂಡಿ ಒತ್ತಿದಳು.

"ಇಲ್ಲ" ಎಂದಳು.

ಓರಗಿತ್ತಿ ಬಾಯಿಗೆ ದುಪಟ್ಟಾ ತುರುಕಿಕೊಂಡು, ನಗು ತಡೆಯಲಾರದೆ ಬಾಗಿಲು ತೆರೆದು ಹೊರಗೆ ಓಡಿದಳು. ಬ್ರೇಕಕ್ಕ ಆ ಗಂಡಸಿಗೆ ತನ್ನ ಹೊಸ ಫ್ಯೂಸಿನ ಕತೆಯನ್ನು ಸವಿಸ್ತಾರವಾಗಿ ಹೇಳತೊಡಗಿದಳು.