ಕೆಳಗಿನ ಗುಂಡಿ

ಬೀದಿಗೆಲ್ಲ ಅವಳು ಟೈಲರಮ್ಮ. ಹೇಳಿದ ದಿನಕ್ಕೆ ಬಟ್ಟೆ ಕೊಡದೇ ಇದ್ದವಳಲ್ಲ. ಆದರೆ ಸ್ವಂತ ಗಂಡನ ಕೆಲಸದ ಅಂಗಿಗೆ ಮಾತ್ರ ಕೆಳಗಿನ ಗುಂಡಿ ಇರುತ್ತಲೇ ಇರಲಿಲ್ಲ. ಅವನು ಲೈನ್‌ಮನ್, ದಿನವಿಡೀ ಕರೆಂಟು ಕಂಬದ ಮೇಲೆ.

"ಟೈಲರ್ ಗಂಡನ ಅಂಗೀಲೇ ಗುಂಡಿ ಇಲ್ವಲ್ಲೋ!" ಎಂದು ಜೊತೆಯವರು ಕಿಚಾಯಿಸಿದರೆ, "ಊರವರ ಅಂಗಿ ಮುಗೀಬೇಕಲ್ಲ ಕಣಯ್ಯ, ಆಮೇಲೆ ನನ್ನ ಪಾಳಿ" ಎನ್ನುತ್ತಿದ್ದ.

ಬೆಳಿಗ್ಗೆ ಊಟದ ಡಬ್ಬಿ ಕೈಗಿಡುತ್ತ ಅವಳು ಹೇಳುತ್ತಿದ್ದುದು ಒಂದೇ ಮಾತು: "ಸಾಯಂಕಾಲ ಬನ್ನಿ, ಗುಂಡಿ ಹಾಕಿಕೊಡ್ತೀನಿ." ಕೆಲಸ ಬಾಕಿ ಇದ್ದವರು ಮನೆಗೆ ಬಂದೇ ಬರುತ್ತಾರೆ ಎಂಬುದು ಅವಳ ನಂಬಿಕೆ. ಅವನು ಬರುತ್ತಿದ್ದ. ಗುಂಡಿಯ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಒಂಬತ್ತು ವರ್ಷದ ಮಗಳಿಗೆ ಇದೇನು ಗೊತ್ತು? ಸೂಜಿ ಹಿಡಿಯಲು ಆಗಷ್ಟೇ ಕಲಿತಿದ್ದಳು. ಅಪ್ಪನನ್ನು ಆಡಿಕೊಳ್ಳುವುದು ಸಹಿಸದೆ, ಒಂದು ಬೆಳಿಗ್ಗೆ ಅಮ್ಮ ನೀರು ಹಿಡಿಯಲು ಹೋದಾಗ ಅವಳ ಗುಂಡಿ ಡಬ್ಬದಿಂದ ನೀಲಿ ಗುಂಡಿಯೊಂದನ್ನು ಆರಿಸಿ ಅಂಗಿಗೆ ಹೊಲಿದಿಟ್ಟಳು. ಅಪ್ಪ ಅವಸರದಲ್ಲಿ ಅಂಗಿ ತೊಟ್ಟು ಹೊರಟ. ಮಧ್ಯಾಹ್ನ ಹಿಗ್ಗು ತಡೆಯಲಾರದೆ ಅಮ್ಮನಿಗೆ ಹೇಳಿಯೂಬಿಟ್ಟಳು.

ಮೆಷಿನ್ ನಿಂತಿತು. ಅಮ್ಮ ಬೈಯಲಿಲ್ಲ. ಕತ್ತರಿ ಎತ್ತಿಕೊಂಡು, ಚಪ್ಪಲಿ ಅದಲುಬದಲು ಮೆಟ್ಟಿ, ಮಗಳನ್ನು ಎಳೆದುಕೊಂಡು ಮೂರು ಬೀದಿ ಓಡಿದಳು.

"ರೀ, ಇಳೀರಿ ಕೆಳಗೆ!"

"ಏನಾಯ್ತೇ? ಮನೆಗೆ ಬೆಂಕಿ ಬಿತ್ತಾ?"

"ಇಳೀರಿ ಅಂದ್ನಲ್ಲ! ಅಯ್ಯೋ, ನಿಧಾನಕ್ಕೆ ಇಳೀರಿ…"

ಅವನ ಕಾಲು ನೆಲ ಮುಟ್ಟಿದ್ದೇ ತಡ, ಕಚಕ್ಕೆಂದು ಗುಂಡಿ ಕತ್ತರಿಸಿದಳು. ಜೊತೆಯವರು ಹೊಟ್ಟೆ ಹಿಡಿದು ನಕ್ಕರು. ಅಪ್ಪ ನಗಲಿಲ್ಲ. ಅವಳ ಕೈಯಿಂದ ಕತ್ತರಿ ಬಿಡಿಸಿಕೊಂಡು, "ಸಾಯಂಕಾಲ ಬರ್ತೀನಿ, ಹಾಕಿಕೊಡುವೆಯಂತೆ" ಎಂದ.

ಕಂಬ ಅವನಿಗೆ ಏನೂ ಮಾಡಲಿಲ್ಲ. ಇಪ್ಪತ್ತು ವರ್ಷದ ಮೇಲೆ, ಮನೆಯ ಮಂಚದ ಮೇಲೆ, ಅವನನ್ನು ಒಯ್ಯಲು ನಾಲ್ಕು ದಿನದ ಜ್ವರ ಸಾಕಾಯಿತು. ಅಂಗಿ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು, ಕೆಳಗಿನ ಗುಂಡಿಯಿಲ್ಲದೆ.

ಎಷ್ಟೋ ದಿನ ಬಿಟ್ಟು ಅಮ್ಮ ಅದನ್ನು ಮಡಿಲಿಗೆಳೆದುಕೊಂಡು, ಗುಂಡಿ ಡಬ್ಬದ ತಳದಿಂದ ಅದೇ ನೀಲಿ ಗುಂಡಿ ಹುಡುಕಿ ಹೊಲಿದಳು. "ಇನ್ನೆಲ್ಲಿಗೂ ಹೋಗೋದಿಲ್ವಲ್ಲ" ಎಂದು ಹಲ್ಲಿನಿಂದ ದಾರ ಕಡಿದಳು.

ಮಗಳಿಗೆ ಇಂಥದ್ದರಲ್ಲೆಲ್ಲ ನಂಬಿಕೆಯಿಲ್ಲ. ಆದರೂ ಮೊನ್ನೆ ತನ್ನ ಪುಟ್ಟಿ ಮೊದಲ ಸಲ ಶಾಲೆಗೆ ಹೊರಟಾಗ, ಸ್ವೆಟರಿನ ಕೆಳಗಿನ ಗುಂಡಿ ಕಿತ್ತುಬಂದದ್ದು ಕಂಡಿತು. ಸೂಜಿ ಕೈಯಲ್ಲೇ ಇತ್ತು.

"ಅಮ್ಮಾ, ಹಾಕೇ."

"ಸಾಯಂಕಾಲ ಬಾ ಕಂದಾ, ಹಾಕಿಕೊಡ್ತೀನಿ."

ಚಳಿ ತಾಗದಿರಲೆಂದು ಅಲ್ಲೊಂದು ಪಿನ್ನು ಚುಚ್ಚಿ ಕಳಿಸಿದಳು.