ಮರಳುಚೀಲ ಏರಿಸದ ಗಾಜು

ಟೆಸ್ಟ್ ಟ್ರ್ಯಾಕಿನಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು ನ್ಯೂಟ್ರಲ್ ಮಾಮ. ಕಾರನ್ನು ನೂರರ ವೇಗಕ್ಕೆ ಒಯ್ದು, ಗೇರ್ ತೆಗೆದು ನ್ಯೂಟ್ರಲ್ಲಿಗೆ ಹಾಕಿ, ಕೈಕಾಲು ಆಡಿಸದೆ ಕೂರುವುದು ಅವನ ಕೆಲಸ. ವೇಗ ಅರವತ್ತಕ್ಕೆ ಇಳಿಯಲು ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಿ, ಗಾಳಿ ಆ ಕಾರನ್ನು ಎಷ್ಟು ತಡೆಯುತ್ತದೆಂದು ಲೆಕ್ಕ ಹಾಕುತ್ತಿದ್ದರು. ಬೀಸುಗಾಳಿ ಮೋಸ ಮಾಡಬಾರದೆಂದು ಹೋಗುವಾಗೊಮ್ಮೆ, ಬರುವಾಗೊಮ್ಮೆ. ಸುಮ್ಮನೆ ಕೂರುವುದಕ್ಕೂ ಸಂಬಳವೇ ಎಂದು ನಗುವವರು ಒಂದು ದಿನ ಕೂತು ನೋಡಲಿ, ಗೊತ್ತಾಗುತ್ತದೆ.

ಇಪ್ಪತ್ತಾರು ವರ್ಷ ಪಕ್ಕದ ಸೀಟಿನಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತವಳು ಅವನ ಹೆಂಡತಿಯೇ. ಗಾಜು ಮುಚ್ಚಿದ ಕಾರು, ಬೆಂದುಹೋಗುವ ಸೆಕೆ. ಟ್ರ್ಯಾಕಿನ ತುದಿಯಲ್ಲಿ ತಿರುಗಿಸುವಾಗ ಅವಳ ಕಡೆಯ ಗಾಜನ್ನು ಅವನು ಇಳಿಸುತ್ತಿದ್ದ. ಅವಳು ನಾಲ್ಕು ಉಸಿರೆಳೆದು, ಪೆನ್ನು ಕಿವಿಗೆ ಸಿಕ್ಕಿಸಿ, ಗಾಜು ಏರಿಸಿ, "ಹೂಂ, ನಡೀರಿ" ಅನ್ನುತ್ತಿದ್ದಳು. ಆಹಾ, ಎಂಥ ದಿನಗಳವು!

ಅವಳಿಗೆ ನಿವೃತ್ತಿಯಾದ ಮೇಲೆ ಆ ಸೀಟಿಗೆ ಅವಳಷ್ಟೇ ತೂಕದ ಮರಳುಚೀಲ ಬಂತು. ಸಮಯ ಬರೆಯಲು ಯಂತ್ರ ಬಂತು. "ಇದಾದ್ರೂ ಬಾಯಿ ಮುಚ್ಕೊಂಡು ಕೂತಿರುತ್ತೆ" ಎಂದು ಮಾಮ ಮನೆಯಲ್ಲಿ ಕಿಚಾಯಿಸಿದ್ದ.

ಚೀಲದ ಜೊತೆ ಮೊದಲ ದಿನವೇ ಎಡವಟ್ಟು. ಹೋಗುವಾಗ ನಲವತ್ತು ಸೆಕೆಂಡು, ಬರುವಾಗ ಮೂವತ್ತೊಂಬತ್ತು. ಮೂರು ಸಲವೂ ಅಷ್ಟೇ. ಹೊರಗೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

"ಮಾಮ, ಬರುವಾಗ ನಿಮ್ಮ ಕಾಲು ಬ್ರೇಕಿಗೆ ತಾಗ್ತಿದೆಯೇನೋ," ಎಂದಳು ಹೊಸ ಎಂಜಿನಿಯರ್. "ಇನ್ನೊಂದ್ಸಲ ಹೀಗೇ ಆದ್ರೆ ಬೇರೆ ಡ್ರೈವರನ್ನ ಕೂರಿಸ್ತೀನಿ."

ಆ ಸೀಟು ಬಿಟ್ಟರೆ ಮಾಮನಿಗೆ ಬೇರೆ ಲೋಕ ಗೊತ್ತಿರಲಿಲ್ಲ.

ನಾಲ್ಕನೆಯ ಸಲ ಮರಳಿ ಬರುವಾಗ ಚೀಲದ ಕಡೆ ಕಣ್ಣು ಹೋಯಿತು. ಅದರ ತೂಕದ ಚೀಟಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಗಾಜು ಪೂರ್ತಿ ಕೆಳಗೆ! ಒಳಗೆ ನುಗ್ಗಿದ ಗಾಳಿಯೇ ಕಾರನ್ನು ತಡೆದು ಆ ಒಂದು ಸೆಕೆಂಡು ತಿಂದಿತ್ತು. ತಿರುವಿನಲ್ಲಿ ಕೈ ತಾನಾಗಿ ಇಳಿಸಿತ್ತು, ಏರಿಸುವವಳು ಮನೆಯಲ್ಲಿದ್ದಳು. ಹೆಂಡತಿ ಕೂರುತ್ತಿದ್ದ ಕಡೆಯ ಕಿವಿ ಅವನಿಗೆ ಮೊದಲೇ ಮಂದ, ಮೇಲೆ ಹೆಲ್ಮೆಟ್ಟು, ಗಾಳಿಯ ಸದ್ದು ತಿಳಿದಿರಲಿಲ್ಲ. ಪ್ರತಿ ಸಲ ಮುಗಿಸಿ ಬಂದು ನಿಲ್ಲಿಸಿ ಲಾಕ್ ಮಾಡಿದಾಗ ಹೊಸ ಕಾರಿನ ಗಾಜುಗಳು ತಾವೇ ಮುಚ್ಚಿಕೊಳ್ಳುತ್ತಿದ್ದವು, ಹಾಗಾಗಿ ಬೇರೆ ಯಾರಿಗೂ ಕಂಡಿರಲಿಲ್ಲ.

"ತಪ್ಪು ನಂದೇ ಕಣಮ್ಮ. ಗಾಜು ಇಳಿಸಿಬಿಟ್ಟಿದ್ದೆ, ಹಳೇ ಅಭ್ಯಾಸ," ಎಂದು ಅವನು ಎಲ್ಲರ ಮುಂದೆ ಒಪ್ಪಿಕೊಂಡ. ಐದನೆಯ ಸಲ ನಲವತ್ತು, ನಲವತ್ತು. ಎಂಜಿನಿಯರ್ ಕೀಲಿಯನ್ನು ಅವನ ಕೈಯಲ್ಲೇ ಬಿಟ್ಟಳು.

ಸಂಜೆ ಕಥೆ ಕೇಳಿ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಚೀಲ ಬಾಯಿ ಮುಚ್ಕೊಂಡು ಕೂತಿತ್ತಲ್ಲ, ಸುಖವಾಗಿತ್ತಾ?"

ಮಾಮ ನಗಲಿಲ್ಲ. "ಪ್ರತಿ ಸಲಾನೂ ತಿರುವಲ್ಲಿ ಕಾಯ್ತಾ ಕೂತಿದ್ದೆ ಕಣೇ," ಅಂದ, "ನೀನು 'ಹೂಂ, ನಡೀರಿ' ಅಂತೀಯ ಅಂತ."